ಸುರ್ಕಿ ಮತ್ತು ಸಿಮೆಂಟು
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷೆ ಕಲಿಸುವ ಮೇಷ್ಟ್ರಿಗೆ ಸಿಮೆಂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಒಂದು ಪದ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಉರ್ದುವಿನಲ್ಲಿ ‘ಸುರ್ಖ್’ ಎಂದರೆ ಕೆಂಪು. ಸುಟ್ಟ ಇಟ್ಟಿಗೆಯ ಕೆಂಪು ಪುಡಿ ‘ಸುರ್ಖಿ’. ಕನ್ನಡದಲ್ಲಿ ಅದೇ ‘ಸುರ್ಕಿ’. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣಕ್ಕೆ ಸುರ್ಕಿ ಬೆರೆಸಿದ ಗಾರೆಯಿಂದಲೇ. ಅದು ಇಂದಿಗೂ ಕಾವೇರಿಯನ್ನು ತಡೆದು ನಿಲ್ಲಿಸಿದೆ.

ಆಮೇಲೆ ಸಿಮೆಂಟು ಬಂತು, ಸುರ್ಕಿ ಮರೆತುಹೋಯಿತು. ಸಿಮೆಂಟಿನ ಕುಲುಮೆಯಲ್ಲಿ ಸುಣ್ಣದ ಕಲ್ಲನ್ನು ಜೇಡಿಮಣ್ಣಿನೊಂದಿಗೆ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಹೊರಬರುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಎಂದು ಹೆಸರು. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇದು ಬೆಂಕಿಯ ಹೊಗೆಯಲ್ಲ, ಕಲ್ಲಿನ ಒಳಗೇ ಅಡಗಿದ್ದ ಅನಿಲ. ಆದ್ದರಿಂದ ಕಲ್ಲಿದ್ದಲನ್ನು ಬಿಟ್ಟು ಬೇರೆ ಇಂಧನ ಉರಿಸಿದರೂ ಅದು ತಪ್ಪುವುದಿಲ್ಲ. ಮನುಷ್ಯರು ಹೊರಬಿಡುವ ಈ ಅನಿಲದಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದೇ. ಉಳಿದಿರುವ ಮುಖ್ಯ ದಾರಿ ಕ್ಲಿಂಕರನ್ನೇ ಕಡಿಮೆ ಬಳಸುವುದು.

ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳ ಹಾರುಬೂದಿ, ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಕಿಟ್ಟ ಕ್ಲಿಂಕರಿನ ಜಾಗದಲ್ಲಿ ನಿಲ್ಲಬಲ್ಲವು. ಸಿಮೆಂಟು ನೀರು ಕುಡಿದಾಗ ಸ್ವಲ್ಪ ಸುಣ್ಣ ಮಿಕ್ಕುತ್ತದೆ. ಬೂದಿಯಲ್ಲಿರುವ ಸಿಲಿಕ ಆ ಸುಣ್ಣದೊಂದಿಗೆ ಸೇರಿ ಹೊಸ ಅಂಟಾಗುತ್ತದೆ. ಚೀಲದ ಮೇಲೆ ಪಿಪಿಸಿ ಎಂದು ಬರೆದಿರುವುದು ಈ ಬೂದಿಯ ಸಿಮೆಂಟು. ಅದರಲ್ಲಿ ಶೇಕಡಾ 35ರವರೆಗೆ ಬೂದಿ ಇರಲು ಭಾರತೀಯ ಮಾನಕದ ಒಪ್ಪಿಗೆಯಿದೆ.

ಆದರೂ ಜನರಿಗೆ ಬೂದಿ ಎಂದರೆ ಕಲಬೆರಕೆ. ನಾನು ಮನೆ ಕಟ್ಟಿಸುವಾಗ ಹಾಗೇ ಹಟ ಹಿಡಿದಿದ್ದೆ. ತಿದ್ದಿದವರು ನಮ್ಮ ಮೇಸ್ತ್ರಿ. "ಬೂದಿ ಇರೋದು ತಪ್ಪಲ್ಲ ಮಾಸ್ತರೇ, ನೀರು ಹಾಕದೆ ಬಿಡೋದು ತಪ್ಪು" ಎಂದರು. ಪುಸ್ತಕ ತೆಗೆದು ನೋಡಿದೆ, ಅವರ ಮಾತೇ ಸರಿ. ಬೂದಿಯ ಸಿಮೆಂಟು ನಿಧಾನವಾಗಿ ಬಲಗೊಳ್ಳುತ್ತದೆ. ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಇದಕ್ಕೆ 10 ದಿನ, ಬಿಸಿಲಿನ ಒಣ ಹವೆಯಲ್ಲಿ 14 ದಿನ ಬೇಕು. (ಒಲೆಯ ಬೂದಿ ತಂದು ನೀವೇ ಬೆರೆಸಲು ಹೋಗಬೇಡಿ, ಅದು ನಿಜವಾಗಿಯೂ ಕಲಬೆರಕೆ!)

ಕಲ್ಲಿದ್ದಲಿನ ವಿದ್ಯುತ್ ಕಡಿಮೆಯಾದಂತೆ ಬೂದಿಯೂ ಕಡಿಮೆಯಾಗುತ್ತದೆ. ಆಗ ಏನು ಗತಿ? ಇಲ್ಲಿ ಸುರ್ಕಿ ಮರಳಿ ಬರುತ್ತದೆ. ಕಯೋಲಿನ್ ಇರುವ ಜೇಡಿಯನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟು, ಸುಡದ ಸುಣ್ಣದ ಕಲ್ಲಿನ ಪುಡಿಯೊಂದಿಗೆ ಬೆರೆಸುವ ಎಲ್‌ಸಿ3 ಎಂಬ ಸಿಮೆಂಟನ್ನು ಸ್ವಿಟ್ಜರ್‌ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ವಿಜ್ಞಾನಿಗಳು ಕೂಡಿ ಬೆಳೆಸಿದ್ದಾರೆ. ಅದರಲ್ಲಿ ಕ್ಲಿಂಕರ್ ಅರ್ಧದಷ್ಟೇ, ಅನಿಲ ಶೇಕಡಾ 40ರವರೆಗೆ ಕಡಿಮೆ. 2023ರಲ್ಲಿ ಇಂಥ ಸಿಮೆಂಟಿಗೆ ಭಾರತೀಯ ಮಾನಕವೂ ಬಂದಿದೆ.

ನಿಮ್ಮಲ್ಲಿ ಅನೇಕರ ತಂದೆ, ಚಿಕ್ಕಪ್ಪಂದಿರು ಗಾರೆ ಕೆಲಸದವರು. ಇಂದು ಮನೆಗೆ ಹೋಗಿ ಸುರ್ಕಿ ಅರೆಯುವುದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ಉರ್ದುವಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ನಾನು ಓದುತ್ತೇನೆ.