ಆಟಗಾರನ ಪರವಾನಗಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಹಲಗೆಯ ಮೇಲೆ ಓದಿದ ಗೆಳೆಯರೊಬ್ಬರು, “ಎಲ್ಲ ಬಿಟ್ಟು ಇಂಗ್ಲೆಂಡಿನ ರಗ್ಬಿ ಆಟಗಾರರ ವೀಸಾದ ಉಸಾಬರಿ ನಮಗೇಕಯ್ಯಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಆ ಆಟ ಆಡಿದವನಲ್ಲ, ಮೈದಾನದಲ್ಲಿ ಕುಳಿತು ನೋಡಿದವನೂ ಅಲ್ಲ. ಗಿರಣಿಯ ಹಾಜರಿ ಪುಸ್ತಕ ಬರೆಯುವವನು. ಆದರೆ ಆ ಆಟ ಹುಟ್ಟಿದ್ದೇ ಹಾಜರಿಯ ಜಗಳದಿಂದ ಎಂದು ಓದಿದಂದಿನಿಂದ ನನಗೆ ಅದರೊಡನೆ ಒಂದು ಬಗೆಯ ನೆಂಟಸ್ತಿಕೆ ಬೆಳೆದಿದೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳು ಉಣ್ಣೆ ಮತ್ತು ಹತ್ತಿ ಗಿರಣಿಗಳಿಗೆ, ಕಲ್ಲಿದ್ದಲ ಗಣಿಗಳಿಗೆ ಹೆಸರಾಗಿದ್ದ ಸೀಮೆ. ಅಲ್ಲಿನ ಆಳುಗಳು ಶನಿವಾರವೂ ಅರ್ಧ ದಿನ ದುಡಿಯಬೇಕಾಗಿತ್ತು. ಪರ ಊರಿನಲ್ಲಿ ಪಂದ್ಯವಿದ್ದರೆ ಬೆಳಿಗ್ಗೆಯೇ ರೈಲು ಹತ್ತಬೇಕು. ಹತ್ತಿದರೆ ಆ ಹೊತ್ತಿನ ಪಗಾರ ಹೋಯಿತು. ಹೀಗೆ ಕಳೆದ ವೇಳೆಯ ಕೂಲಿಯನ್ನು ಸಂಘವೇ ತುಂಬಿಕೊಡಲಿ ಎಂದು ಉತ್ತರದವರು ಕೇಳಿದರು. ಲಂಡನ್ನಿನ ದೊಡ್ಡ ಶಾಲೆಗಳಲ್ಲಿ ಓದಿದ ಮಹನೀಯರು ಒಪ್ಪಲಿಲ್ಲ. ಆಟವನ್ನು ಗೌರವಕ್ಕಾಗಿ ಆಡತಕ್ಕದ್ದು, ಕಾಸಿಗಾಗಿ ಅಲ್ಲ ಎಂಬುದು ಅವರ ವಾದ. ಹೊಟ್ಟೆ ತುಂಬಿದವರಿಗೆ ಅದೇನೂ ಕಷ್ಟವಲ್ಲ ಬಿಡಿ. 1893ರಲ್ಲಿ ಮತಕ್ಕೆ ಹಾಕಿದಾಗ ಉತ್ತರದವರ ಸೂಚನೆ 282ಕ್ಕೆ 136 ಮತಗಳಿಂದ ಬಿದ್ದುಹೋಯಿತು. ಎರಡು ವರ್ಷ ಸಹಿಸಿಕೊಂಡು, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ತಮ್ಮದೇ ಬೇರೆ ಒಕ್ಕೂಟ ಕಟ್ಟಿಕೊಂಡರು. ಕಳೆದ ದಿನವೊಂದಕ್ಕೆ ಆರು ಷಿಲಿಂಗಿಗೆ ಮೀರದಂತೆ ಪರಿಹಾರ ಎಂದು ಗೊತ್ತುಮಾಡಿದರು. ಇದೇ ಮುಂದೆ ರಗ್ಬಿ ಲೀಗ್ ಆಯಿತು. 1906ರಿಂದ ತಂಡಕ್ಕೆ ಹದಿಮೂರು ಜನ. ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಕೈಯಲ್ಲಿ ಹಿಡಿದು ಓಡುವವನನ್ನು ಎದುರಾಳಿಗಳು ನಮ್ಮ ಕಬಡ್ಡಿಯಲ್ಲಿ ಹಿಡಿದಂತೆ ಹಿಡಿದು ಕೆಡವುತ್ತಾರೆ. ಆಟದ ವಿವರ ಇಷ್ಟು ಸಾಕು.

ಆದರೆ ಒಂದು ಚೋದ್ಯವನ್ನು ಹೇಳದೆ ಮುಂದೆ ಹೋಗಲಾರೆ. 1898ರಲ್ಲಿ ಈ ಒಕ್ಕೂಟ ಆಟಕ್ಕೆ ಹಣ ಕೊಡಲು ಒಪ್ಪಿತು. ಒಪ್ಪಿದೊಡನೆ ಒಂದು ಷರತ್ತನ್ನೂ ಹಾಕಿತು: ಆಡುವವನಿಗೆ ಬೇರೊಂದು ಮರ್ಯಾದೆಯ ಕೆಲಸ ಇದ್ದೇ ಇರಬೇಕು. ಸಾರಾಯಿ ಅಂಗಡಿಯ ಕೆಲಸ ಲೆಕ್ಕಕ್ಕಿಲ್ಲ. ಗಣಿಯಲ್ಲಿ ಕೆಲಸ ಹೋದರೆ ಆ ಶನಿವಾರದ ಆಟವೂ ಹೋಯಿತು! ಕೂಲಿಯವನ ಪರವಾಗಿ ಹುಟ್ಟಿದ ಸಂಸ್ಥೆಯೇ ಮೂರು ವರ್ಷದೊಳಗೆ ಕೂಲಿಯವನ ಚೀಟಿ ತಪಾಸಣೆಗೆ ಕುಳಿತಿತು. 1905ರಲ್ಲಿ ಆ ಷರತ್ತು ತೆಗೆದರು. ತಪಾಸಣೆಯ ಅಭ್ಯಾಸ ಮಾತ್ರ ಆ ಆಟವನ್ನು ಬಿಡಲಿಲ್ಲವೆಂದು ನನಗೆ ತೋರುತ್ತದೆ.

ಇನ್ನು ಹೊರದೇಶದವರ ಮಾತು. 1945ರಲ್ಲಿ ಆಸ್ಟ್ರೇಲಿಯದ ಯುದ್ಧನೌಕೆಯೊಂದರಲ್ಲಿ ಕೆಲಸಕ್ಕಿದ್ದ ಬ್ರಯನ್ ಬೆವನ್ ಎಂಬ ಬಡಕಲು ಹುಡುಗ ಇಂಗ್ಲೆಂಡಿಗೆ ಬಂದಿಳಿದ. ಆಡಿಸಿ ನೋಡಿ ಎಂದು ಸಂಘಗಳ ಬಾಗಿಲು ತಟ್ಟಿದ. ವಾರಿಂಗ್ಟನ್ ಊರಿನವರು ಸೇರಿಸಿಕೊಂಡರು. ನಿವೃತ್ತನಾಗುವ ಹೊತ್ತಿಗೆ ಅವನು ಗಳಿಸಿದ ಟ್ರೈಗಳು 796. ಅದನ್ನು ಇಂದಿಗೂ ಯಾರೂ ಮೀರಿಲ್ಲ. ಆ ಊರಿನವರು ಅವನ ಪ್ರತಿಮೆ ನಿಲ್ಲಿಸಿದ್ದಾರೆ. ಅವನಿಗೆ ಯಾವ ವೀಸಾ ಬೇಕಾಗಿತ್ತು? ಯಾವುದೂ ಇಲ್ಲ. ಆಗ ಆಸ್ಟ್ರೇಲಿಯದವನೂ ಬ್ರಿಟಿಷ್ ಪ್ರಜೆ, ಕಾನೂನಿನ ಪ್ರಕಾರ ನಮ್ಮ ಹಿರಿಯರೂ ಬ್ರಿಟಿಷ್ ಪ್ರಜೆಗಳೇ. ಪಂಜಾಬಿನವರು, ಗುಜರಾತಿನವರು ಬ್ರ್ಯಾಡ್‌ಫರ್ಡ್, ಹಡರ್ಸ್‌ಫೀಲ್ಡ್ ಗಿರಣಿಗಳ ರಾತ್ರಿ ಪಾಳಿಗೆ ಹೋಗಿ ಸೇರಿದ್ದು ಅದೇ ತೆರೆದ ಬಾಗಿಲಿನಿಂದ.

ಬಾಗಿಲು ಮುಚ್ಚಿದ್ದು ಎರಡು ಕಡೆಯಿಂದ. ಆಟದವರು ತಾವೇ ಒಂದನ್ನು ಮುಚ್ಚಿದರು. ತಮ್ಮ ಒಳ್ಳೆಯ ಆಟಗಾರರನ್ನು ಇಂಗ್ಲೆಂಡು ಹಣ ತೋರಿಸಿ ಸೆಳೆಯುತ್ತಿದೆ ಎಂದು ಆಸ್ಟ್ರೇಲಿಯದವರು ಗೋಳಾಡಿದ್ದರಿಂದ, 1947ರಿಂದ 1983ರವರೆಗೆ ದೇಶದಿಂದ ದೇಶಕ್ಕೆ ಆಟಗಾರರ ವರ್ಗಾವಣೆಗೆ ತಡೆ ಇತ್ತು. ಇನ್ನೊಂದನ್ನು ಸರಕಾರ ಮುಚ್ಚಿತು. 1962ರ ಕಾಯಿದೆ ಕಾಮನ್‌ವೆಲ್ತ್‌ನವರಿಗೂ ಕೆಲಸದ ಚೀಟಿ ಬೇಕೆಂದಿತು. 1971ರ ಕಾಯಿದೆ ಇನ್ನೂ ಬಿಗಿಯಾಯಿತು. ಆದರೆ ತಂದೆಯೋ ತಾಯಿಯೋ ಬ್ರಿಟನ್ನಿನಲ್ಲಿ ಹುಟ್ಟಿದ್ದ ಕಾಮನ್‌ವೆಲ್ತ್ ಪ್ರಜೆಗೆ ಬಾಗಿಲು ತೆರೆದೇ ಇಟ್ಟಿತು. ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿದ್ದರೂ ಹೋಗಿ ದುಡಿಯಲು ಅನುಮತಿ ಸಿಗುವ ನಿಯಮ ಇಂದಿಗೂ ಇದೆ. ಅಜ್ಜಿ ಎಲ್ಲಿ ಹುಟ್ಟಿದಳು ಎಂಬುದಕ್ಕೂ ಚೆಂಡು ಹಿಡಿದು ಓಡುವುದಕ್ಕೂ ಏನು ಸಂಬಂಧವೋ! ಸಿಡ್ನಿಯ ಹುಡುಗನಿಗೆ ಅಂಥ ಅಜ್ಜಿ ಇರುವುದು ಅಪರೂಪವಲ್ಲ. ಟೊಂಗಾ ದ್ವೀಪದವನಿಗೂ ಪಪುವಾ ನ್ಯೂಗಿನಿಯವನಿಗೂ ಎಲ್ಲಿಂದ ಬರಬೇಕು?

1983ರಲ್ಲಿ ಆಟದ ತಡೆ ಬಿದ್ದೊಡನೆ ಆಸ್ಟ್ರೇಲಿಯದವರು ನುಗ್ಗಿದರು. 1985ರ ಚಾಲೆಂಜ್ ಕಪ್ ಅಂತಿಮ ಪಂದ್ಯದಲ್ಲಿ ವಿಗನ್ ತಂಡ ಹಲ್ ತಂಡವನ್ನು 28–24ರಿಂದ ಸೋಲಿಸಿದಾಗ ಉತ್ತಮ ಆಟಗಾರನ ಬಹುಮಾನ ಪಡೆದವನು ವಿಗನ್ನಿನ ಬ್ರೆಟ್ ಕೆನ್ನಿ. ಸೋತ ಹಲ್‌ನ ಪೀಟರ್ ಸ್ಟರ್ಲಿಂಗ್ ಕೂಡ ಕೆನ್ನಿಯ ದೇಶದವನೇ.

ಇಲ್ಲಿ ಎರಡು ಬಾಗಿಲುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ವೀಸಾ ಸರಕಾರದ ಬಾಗಿಲು. ಒಂದು ತಂಡದಲ್ಲಿ ಹೊರಗಿನವರು ಎಷ್ಟು ಜನ ಎಂಬ ಮಿತಿ ಆಟದವರ ಬಾಗಿಲು. ನಮ್ಮ ಅನಿಲ್ ಕುಂಬ್ಳೆಯವರು 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಕೌಂಟಿಗೆ ಆಡಿ 105 ವಿಕೆಟ್ ಪಡೆದಾಗ ಕೌಂಟಿಗೆ ಹೊರದೇಶದವನೊಬ್ಬನೇ ಎಂಬ ನಿಯಮವಿತ್ತು. ರಗ್ಬಿ ಲೀಗಿನಲ್ಲಿಯೂ ಇಂಥದೇ ಮಿತಿ. 2021ರ ಋತುವಿಗೆ ಅದನ್ನು ಐದರಿಂದ ಏಳಕ್ಕೆ ಏರಿಸಿದರು. ಒಂದು ಬಾಗಿಲು ದಾಟಿದವನು ಇನ್ನೊಂದರಲ್ಲಿ ಸಿಕ್ಕಿಬೀಳಬಹುದು.

ಈ ಎರಡನೆಯ ಬಾಗಿಲನ್ನು ತೆರೆಸಿದವನು ರಗ್ಬಿಯವನೇ ಅಲ್ಲ ಎಂದರೆ ತಮಗೆ ಆಶ್ಚರ್ಯವಾದೀತು. ಮಾರೋಷ್ ಕೋಲ್ಪಾಕ್ ಎಂಬ ಸ್ಲೊವಾಕಿಯದವನು ಜರ್ಮನಿಯ ಒಂದು ತಂಡದಲ್ಲಿ ಹ್ಯಾಂಡ್‌ಬಾಲ್ ಗೋಲಿ. ಅವನ ಪರವಾನಗಿಯ ಮೇಲೆ, ಹೊರಗಿನವನೆಂದು ತೋರಿಸಲು, ‘ಎ’ ಎಂಬ ಅಕ್ಷರ ಹಾಕಿದ್ದರು. ಆ ಅಕ್ಷರದವರು ಪಂದ್ಯಕ್ಕೆ ಇಬ್ಬರಿಗಿಂತ ಹೆಚ್ಚು ಇರಕೂಡದು. ನಾನು ಕಾನೂನುಬದ್ಧವಾಗಿ ಇಲ್ಲಿ ದುಡಿಯುತ್ತಿದ್ದೇನೆ, ನನ್ನ ದೇಶಕ್ಕೂ ಯೂರೋಪಿಗೂ ಒಪ್ಪಂದವಿದೆ, ನನಗೇಕೆ ಈ ಅಕ್ಷರ ಎಂದು ಅವನು ನ್ಯಾಯಾಲಯಕ್ಕೆ ಹೋದ. 2003ರ ಮೇ 8ರಂದು ಯೂರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಅಂಥ ಒಪ್ಪಂದ ಆಫ್ರಿಕದ, ಶಾಂತಸಾಗರದ ಅನೇಕ ದೇಶಗಳಿಗೂ ಇತ್ತು. ಹೀಗಾಗಿ ಟೊಂಗಾ, ಸಮೋವಾ, ಫಿಜಿ, ಪಪುವಾ ನ್ಯೂಗಿನಿಯ ಪಾಸ್‌ಪೋರ್ಟು ಉಳ್ಳವನು ಮಿತಿಯ ಲೆಕ್ಕದಿಂದ ಹೊರಗಾದ. ಆಸ್ಟ್ರೇಲಿಯದವನು ಒಳಗೇ ಉಳಿದ. ಪಪುವಾ ನ್ಯೂಗಿನಿಗೆ ಈ ಆಟ ಬರಿಯ ಮನರಂಜನೆಯಲ್ಲ, ರಾಷ್ಟ್ರದ ಆಟವೇ ಹೌದು. ಅಲ್ಲಿಂದ 1996ರಲ್ಲಿ ಹಲ್ ಊರಿಗೆ ಬಂದ ಸ್ಟ್ಯಾನ್ಲಿ ಜೀನ್ ಅನೇಕ ವರ್ಷ ಅಲ್ಲಿ ಆಡಿ ಜನಪ್ರಿಯನಾದ. ಭಾರತ ಆ ಒಪ್ಪಂದದಲ್ಲಿ ಇರಲಿಲ್ಲ, ಹಾಗಾಗಿ ನಮಗೆ ಅದರ ಪಾಲಿಲ್ಲ.

ಆದರೆ ಗಮನಿಸಿ: ಕೋಲ್ಪಾಕ್ ತೀರ್ಪು ಈಗಾಗಲೇ ಒಳಗೆ ಬಂದು ದುಡಿಯುತ್ತಿದ್ದವನಿಗೆ ಸಮಾನತೆ ಕೊಟ್ಟಿತೇ ಹೊರತು ಒಳಗೆ ಬರುವ ಹಕ್ಕನ್ನು ಕೊಡಲಿಲ್ಲ. ಆಟದವರ ಬಾಗಿಲಲ್ಲಿ ಅಜ್ಜಿಯಿಲ್ಲದ ದ್ವೀಪದವನಿಗೆ ಅನುಕೂಲ, ಸರಕಾರದ ಬಾಗಿಲಲ್ಲಿ ಅಜ್ಜಿಯುಳ್ಳವನಿಗೆ ಅನುಕೂಲ. ಬ್ರಿಟನ್ನು ಯೂರೋಪ್ ಒಕ್ಕೂಟವನ್ನು ಬಿಟ್ಟು, 2020ರ ಡಿಸೆಂಬರ್ 31ಕ್ಕೆ ಸಂಧಿಕಾಲ ಮುಗಿದಾಗ, ಆ ತೀರ್ಪಿನ ಆಸರೆಯೂ ಹೋಯಿತು. ಈಗ ಫ್ರಾನ್ಸಿನವನಿಗೂ ಫಿಜಿಯವನಿಗೂ ವೀಸಾ ಬೇಕು.

ಆ ವೀಸಾಕ್ಕೆ 2021ರ ಅಕ್ಟೋಬರಿನಿಂದ ಹೊಸ ಹೆಸರು: ಅಂತರರಾಷ್ಟ್ರೀಯ ಕ್ರೀಡಾಪಟು ವೀಸಾ. ಇದು ನಡೆಯುವ ಬಗೆ ಹೀಗೆ. ಆಟಗಾರ ಮೇಲ್ಮಟ್ಟದವನು, ಇವನಿಂದ ಇಲ್ಲಿನ ಆಟಕ್ಕೆ ಪ್ರಯೋಜನವಿದೆ ಎಂದು ಆಟದ ಆಡಳಿತ ಸಂಸ್ಥೆ ಶಿಫಾರಸು ಮಾಡಬೇಕು. ಸರಕಾರದಿಂದ ಲೈಸೆನ್ಸ್ ಪಡೆದ ಸಂಘವು, ಇವನನ್ನು ನಾವು ಕೆಲಸಕ್ಕೆ ಇಟ್ಟುಕೊಂಡಿದ್ದೇವೆ ಎಂದು ಪ್ರಾಯೋಜಕ ಪತ್ರ ಕೊಡಬೇಕು. ಒಂದು ವರ್ಷಕ್ಕಿಂತ ಹೆಚ್ಚು ಕಾಲದ ಅನುಮತಿ ಬೇಕಾದರೆ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು, ಅವರ ಅರ್ಜಿ ಮತ್ತು ಶುಲ್ಕ ಬೇರೆ. ಸಂಘ ಬದಲಾದರೆ ಹೊಸ ಪತ್ರ, ಹೊಸ ಅರ್ಜಿ.

ಮಹಾಶಯರೇ, ನನ್ನ ಮನಸ್ಸು ತಡೆಯುವುದು ಆ ಪತ್ರದಲ್ಲಿ. ಅದು ಆಟಗಾರನ ಹೆಸರಿನಲ್ಲಿದ್ದರೂ ಕೊಡುವುದೂ ಹಿಂತೆಗೆಯುವುದೂ ಯಜಮಾನನ ಕೈಯಲ್ಲಿದೆ. ಕೆಲಸ ನಿಂತರೆ ಸರಕಾರ ಅನುಮತಿಯ ಅವಧಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸುತ್ತದೆ. ಅಷ್ಟರೊಳಗೆ ಬೇರೆ ಸಂಘ ಸಿಗಬೇಕು, ಇಲ್ಲವೆ ಮಕ್ಕಳನ್ನು ಶಾಲೆ ಬಿಡಿಸಿ ಊರಿಗೆ ಹೊರಡಬೇಕು. ಮಂಡಿ ಮುರಿದುಕೊಂಡು ಮಲಗಿದವನನ್ನು ಯಾವ ಸಂಘ ಕರೆದೀತು? ಕರಾರು ಮುಗಿಯುವ ತಿಂಗಳಿನಲ್ಲಿ ಅಂಥವನು ಸಂಘದವರೆದುರು ಎಷ್ಟು ಗಟ್ಟಿಯಾಗಿ ಮಾತಾಡಿಯಾನು?

ಕೆನಡಾದ ಟೊರಾಂಟೊ ವುಲ್ಫ್‌ಪ್ಯಾಕ್ ಎಂಬ ತಂಡ ಈ ಇಂಗ್ಲಿಷ್ ಲೀಗಿನಲ್ಲಿ ಆಡುತ್ತಿತ್ತು. ಆಸ್ಟ್ರೇಲಿಯ, ನ್ಯೂಜಿಲೆಂಡಿನ ಆಟಗಾರರು ಅದರಲ್ಲಿ ಅನೇಕರಿದ್ದರು. 2020ರಲ್ಲಿ ಸಾಂಕ್ರಾಮಿಕ ಬಂದು ಆಟ ನಿಂತಿತು, ಆ ಬೇಸಿಗೆಯಲ್ಲಿ ಪಗಾರವೂ ನಿಂತಿತು. ಜುಲೈ 20ರಂದು ತಂಡ ಆ ವರ್ಷದ ಪಂದ್ಯಗಳಿಂದ ಹಿಂದೆ ಸರಿಯಿತು. ನವೆಂಬರಿನಲ್ಲಿ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿದರೆ ಲೀಗಿನವರು ಒಪ್ಪಲಿಲ್ಲ. ಪಗಾರ ಬಾರದ ಇಂಗ್ಲಿಷ್ ಆಟಗಾರ ಸಾಮಾನು ಹೊರುವ ಕೆಲಸಕ್ಕಾದರೂ ಹೋಗಬಹುದು. ವೀಸಾದವನಿಗೆ ಅದೂ ಸುಲಭವಲ್ಲ. ಪತ್ರದಲ್ಲಿ ಬರೆದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಅವಕಾಶ ತೀರ ಕಡಿಮೆ, ಸರಕಾರದ ಸಹಾಯಧನಕ್ಕೆ ಹಕ್ಕೂ ಇಲ್ಲ. 1898ರಲ್ಲಿ ಬೇರೆ ಕೆಲಸವಿಲ್ಲದವನು ಆಡುವಂತಿರಲಿಲ್ಲ. ಈಗ ಹೊರಗಿನಿಂದ ಬಂದವನು ಆಟವಿಲ್ಲದೆ ಬೇರೆ ಕೆಲಸ ಮಾಡುವಂತಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ನೆಂಟರನ್ನು ಕಳಿಸಿದವರು ಈ ಸಭೆಯಲ್ಲಿದ್ದೀರಿ. ಯಜಮಾನನ ಹೆಸರಿಗೆ ಕಟ್ಟಿದ ವೀಸಾ ಎಂದರೇನೆಂದು ನಾನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮಿತಿಯೇ ಬೇಡ ಎನ್ನುವಷ್ಟು ಧೈರ್ಯ ನನಗಿಲ್ಲ. ಗಣಿ ಮುಚ್ಚಿದ ಕ್ಯಾಸಲ್‌ಫರ್ಡಿನ ಹುಡುಗನಿಗೆ ಆ ಹದಿಮೂರು ಸ್ಥಾನಗಳಲ್ಲಿ ಒಂದು ತನ್ನದಾಗಲಿ ಎಂಬ ಆಸೆ ಇರುತ್ತದೆ, ಅದು ಸುಳ್ಳಲ್ಲ. ಊರವರಿಗೆ ಮೊದಲ ಮಣೆ ಎಂಬ ಕೂಗು 1960ರ ದಶಕದ ಕೊನೆಯಲ್ಲಿ ಮುಂಬಯಿಯ ದಕ್ಷಿಣದ ಗುಮಾಸ್ತರ ಮೇಲೆಯೇ ಎದ್ದುದನ್ನು ಹಿರಿಯರು ಬಲ್ಲರು. ಆದರೆ ಸಂವಿಧಾನದ 19ನೆಯ ವಿಧಿ ನಮ್ಮ ಬೆನ್ನಿಗಿದೆ, ಯಜಮಾನ ಬಿಡಿಸಿದರೂ ಬೇರೆ ಬಾಗಿಲಿಗೆ ಹೋಗಿ ನಿಲ್ಲಬಹುದು. ಎಷ್ಟು ಜನರನ್ನು ಬಿಡಬೇಕೆಂಬುದನ್ನು ಆ ದೇಶದವರು ಎಣಿಸಿಕೊಳ್ಳಲಿ. ಬಿಟ್ಟ ಮೇಲೆ ಒಂದು ಋತುವಿನ ಮಟ್ಟಿಗಾದರೂ ಅನುಮತಿ ಆಟಗಾರನ ಕೈಯಲ್ಲೇ ಇರಲಿ, ಸಂಘದ ಕಪಾಟಿನಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ತಾವು ಒಪ್ಪದಿದ್ದರೆ ಚಹಾ ಕುಡಿಯುತ್ತ ಜಗಳವಾಡೋಣ.

ನಮ್ಮ ಕಡೆಯ ಜನ ಈ ಆಟದಲ್ಲಿ ಯಾರಾದರೂ ಮೇಲೆ ಬಂದಿದ್ದಾರೆಯೇ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬಂದಿದ್ದಾರೆ. ದಕ್ಷಿಣ ಏಷ್ಯಾ ಮೂಲದ ಇಕ್ರಮ್ ಬಟ್ 1995ರಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್ ತಂಡಕ್ಕೆ ಆಡಿದರು. ಆ ಮೂಲದವರಲ್ಲಿ ಅವರೇ ಮೊದಲಿಗರು. ಅವರು ಹುಟ್ಟಿದ್ದು ಲೀಡ್ಸ್ ಪಟ್ಟಣದಲ್ಲಿ, ಆದ್ದರಿಂದ ಅವರಿಗೆ ಯಾರ ಪತ್ರವೂ ಬೇಕಾಗಲಿಲ್ಲ.

ರಾತ್ರಿ ಪಾಳಿಯವರು ಹೊರಡುವ ಹೊತ್ತಾಯಿತು.