ಅಂಗೈಗೆ ಲಿಂಗ ಕೊಟ್ಟ ಮೇಲೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

ಹದಿನಾರು ದಾಟಿದ ಮಕ್ಕಳನ್ನು ಮನೆಯಲ್ಲಿ ಹೇಗೆ ನಡೆಸಿಕೊಳ್ಳಬೇಕು ಎಂಬ ಬಗ್ಗೆ ಮಾತನಾಡಲು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಇದು ಸಂಸಾರದ ಮಾತು, ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ನನ್ನ ದೃಷ್ಟಿಯಲ್ಲಿ ಹತ್ತಿರದ ಸಂಬಂಧವಿದೆ.

ಗುಡಿಯಲ್ಲಿದ್ದ ದೇವರನ್ನು ಬಸವಣ್ಣನವರು ಮನುಷ್ಯನ ಅಂಗೈಗೆ ತಂದರು. ಗಂಡು ಹೆಣ್ಣೆಂಬ ಭೇದವಿಲ್ಲದೆ ನಾವು ಮಕ್ಕಳಿಗೆ ಇಷ್ಟಲಿಂಗ ಕೊಡಿಸುತ್ತೇವೆ. ನಡುವೆ ಪೂಜಾರಿ ಬೇಡ, ನಿನ್ನ ಪೂಜೆ ನೀನೇ ಮಾಡಿಕೋ ಎನ್ನುತ್ತೇವೆ. ದೇವರನ್ನೇ ಮಗುವಿನ ಕೈಗೆ ಒಪ್ಪಿಸಿದವರು ಅದೇ ಮಗು ಹದಿನೇಳಕ್ಕೆ ಬಂದಾಗ ಏನು ಓದಬೇಕು, ಯಾರ ಜೊತೆ ಮಾತಾಡಬೇಕು, ಯಾವಾಗ ಮದುವೆಯಾಗಬೇಕು ಎಂಬುದೆಲ್ಲವನ್ನೂ ನಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತೇವೆ. ಇದು ಹೇಗೆ ಸರಿ?

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಎನ್ನುತ್ತಿಲ್ಲ. ದೀಕ್ಷೆ ಕೊಡುವ ಗುರು ಲಿಂಗವನ್ನು ಹೇಗೆ ಹಿಡಿಯಬೇಕೆಂದು ಮೊದಲು ಕಲಿಸುತ್ತಾರೆ. ಜೊತೆಗೆ ಕುಳಿತು ಪೂಜೆ ಮಾಡಿಸುತ್ತಾರೆ. ಆಮೇಲೆ ನಂಬುತ್ತಾರೆ. ಮನೆಯಲ್ಲಿಯೂ ಈ ಕ್ರಮ ಸಾಕು: ಕಲಿಸುವುದು, ಜೊತೆಗಿರುವುದು, ನಂಬುವುದು.

ಮೊದಲು ಆರೋಗ್ಯ. ರಜಸ್ಸೂತಕವನ್ನು ಒಪ್ಪದ ಧರ್ಮ ನಮ್ಮದು. ಆದರೂ ಎಷ್ಟೋ ಮನೆಗಳಲ್ಲಿ ಮುಟ್ಟಾದ ಮಗಳು ಹೊಟ್ಟೆನೋವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾಳೆ. ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಅದಕ್ಕಾಗಿಯೇ ಸರ್ಕಾರ 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯ ಯೋಜನೆ ಮಾಡಿದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ವೈದ್ಯರು ಮಗನನ್ನು ಕೇಳಿದರೆ ಉತ್ತರ ಕೊಡುವವರು ಅಪ್ಪ! ಒಂದೈದು ನಿಮಿಷ ಹೊರಗೆ ಕುಳಿತುಕೊಳ್ಳಿ. ತನ್ನ ದೇಹದ ನೋವನ್ನು ತಾನೇ ಹೇಳಲು ಅವನು ಕಲಿಯಲಿ. ನಾಳೆ ಬೆಂಗಳೂರಿನ ಹಾಸ್ಟೆಲಿನಲ್ಲಿ ಜ್ವರ ಬಂದಾಗ ನೀವು ಪಕ್ಕದಲ್ಲಿ ಇರುವುದಿಲ್ಲ.

ಮನಸ್ಸಿಗೂ ಕಾಯಿಲೆ ಬರುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಊಟ ಬಿಟ್ಟ, ನಿದ್ದೆ ಕೆಟ್ಟಿತು, ಯಾರ ಜೊತೆಗೂ ಮಾತಿಲ್ಲ ಎಂದರೆ ಅದನ್ನು ಸೋಮಾರಿತನ ಎಂದು ಬೈಯಬೇಡಿ. 'ಸಾಯಬೇಕು ಅನಿಸುತ್ತೆ' ಎಂಬ ಮಾತು ಕಿವಿಗೆ ಬಿದ್ದರೆ ನಾಟಕ ಎನ್ನಬೇಡಿ. ಅವನನ್ನು ಒಬ್ಬನೇ ಬಿಡದೆ ಕೂಡಲೇ ವೈದ್ಯರಲ್ಲಿ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ.

ಇನ್ನು ಸುರಕ್ಷತೆ. ಗಟ್ಟಿಯಾಗಿ ಬೇಡ ಎನ್ನಬೇಕಾದ ಕಡೆ ನಾವು ಮೆತ್ತಗಾಗುತ್ತೇವೆ. ಗೇರ್ ಬೈಕಿನ ಲೈಸೆನ್ಸಿಗೆ 18 ತುಂಬಿರಬೇಕು. 'ಪಕ್ಕದ ಊರಿಗೆ ತಾನೇ' ಎಂದು ಹದಿನಾರರ ಹುಡುಗನಿಗೆ ಕೀಲಿ ಕೊಡುತ್ತೇವೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಪೋಷಕರಿಗೇ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ದಂಡವನ್ನಾದರೂ ಕಟ್ಟಬಹುದು, ಹೋದ ಜೀವ ಬರುವುದಿಲ್ಲ.

ಬೈಕಿನ ವಿಷಯದಲ್ಲಿ ಮೆತ್ತಗಾಗುವ ನಾವೇ ಮಗಳ ಮೊಬೈಲಿನ ವಿಷಯದಲ್ಲಿ ಕಠಿಣರಾಗುತ್ತೇವೆ. ಯಾವನೋ ಒಬ್ಬ ಅವಳ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನೆ ಎಂದುಕೊಳ್ಳಿ. ಅವಳು ಮೊದಲು ಯಾರ ಹತ್ತಿರ ಬರಬೇಕು? ತಂದೆ ತಾಯಿಯ ಹತ್ತಿರ. ಯಾಕೆ ಬರುವುದಿಲ್ಲ? ಹೇಳಿದರೆ ಕಾಲೇಜು ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ ಎಂಬ ಭಯ. ಆ ಭಯವೇ ಹೆದರಿಸುವವನ ಬಲ. 'ಏನೇ ಆಗಿರಲಿ, ನನಗೆ ಹೇಳು, ನಿನ್ನ ಓದು ನಿಲ್ಲಿಸುವುದಿಲ್ಲ' ಎಂದು ಇಂದೇ ಅವಳಿಗೆ ಮಾತು ಕೊಡಿ. ಹದಿನೆಂಟರೊಳಗಿನವರ ಸಹಾಯಕ್ಕೆ 1098 ಇದೆ. ಆ ಸಂಖ್ಯೆ ಮಕ್ಕಳಿಗೂ ತಿಳಿದಿರಲಿ.

ಬಾಗೇವಾಡಿಯ ಬಾಲಕ ಬಸವಣ್ಣ ಜನಿವಾರ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ತನ್ನ ದಾರಿಯನ್ನು ತಾನೇ ಆರಿಸಿಕೊಂಡ ಅಕ್ಕನ ಜಯಂತಿ ಮಾಡುತ್ತೇವೆ. ನಮ್ಮ ಮಗಳು 'ಈಗಲೇ ಮದುವೆ ಬೇಡ, ಓದುತ್ತೇನೆ' ಎಂದರೆ ಮಾತ್ರ ಎದುರು ಮಾತಾಡುತ್ತಾಳೆ ಎನ್ನುತ್ತೇವೆ. ಹದಿನೆಂಟರೊಳಗೆ ಮದುವೆ ಮಾಡುವುದು ಅಪರಾಧ. ಹದಿನೆಂಟು ತುಂಬುವುದನ್ನೇ ದಿನ ಎಣಿಸಿ ಕಾಯುವುದು ಅಕ್ಕನ ಹೆಸರು ಹೇಳುವವರಿಗೆ ಶೋಭಿಸುವುದಿಲ್ಲ.

ಸ್ವಾತಂತ್ರ್ಯ ಒಂದೇ ದಿನ ಕೊಡುವ ವಸ್ತುವಲ್ಲ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಹಳ್ಳಿಯ ಹುಡುಗರು ತಮ್ಮ ಬಟ್ಟೆ ತಾವೇ ಒಗೆದು, ಬೆಳಗಿನ ಗಂಟೆಗೆ ತಾವೇ ಎದ್ದು, ಬದುಕುವುದನ್ನು ಕಲಿತರು. ಅದೇ ಪಾಠ ಮನೆಯಲ್ಲಿಯೂ ನಡೆಯಲಿ. ಮಗ ಅನ್ನ ಸಾರು ಮಾಡಲು ಕಲಿಯಲಿ, ಅಡುಗೆಯೂ ಕಾಯಕವೇ. ಮಗಳು ಬ್ಯಾಂಕಿಗೆ ಹೋಗಿ ಬರಲಿ, ಬಸ್ಸಿನಲ್ಲಿ ಒಬ್ಬಳೇ ತಾಲ್ಲೂಕಿಗೆ ಹೋಗಲಿ. ತಿಂಗಳ ಖರ್ಚನ್ನು ಕೈಗೆ ಕೊಟ್ಟು ಲೆಕ್ಕ ಬರೆಯಲು ಹೇಳಿ. ಇಪ್ಪತ್ತನೇ ತಾರೀಖಿಗೇ ಹಣ ಮುಗಿದರೆ ಗದರಿಸಬೇಡಿ; ಜೊತೆಗೆ ಕುಳಿತು ಲೆಕ್ಕ ನೋಡಿ.

ಇವತ್ತು ಮನೆಗೆ ಹೋದ ಮೇಲೆ ಮಕ್ಕಳನ್ನು ಒಂದೇ ಮಾತು ಕೇಳಿ: 'ನಿನಗೆ ಏನಾದರೂ ತೊಂದರೆಯಾದರೆ ಮೊದಲು ಯಾರಿಗೆ ಹೇಳುತ್ತೀಯಾ?' ಉತ್ತರದಲ್ಲಿ ನಿಮ್ಮ ಹೆಸರು ಬರದಿದ್ದರೆ ಸಿಟ್ಟಾಗಬೇಡಿ. ಯಾಕೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನೆ ಆಲಿಸಿ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಅನುಭವವನ್ನು ಕೇಳಿಸಿಕೊಂಡ ಅನುಭವ ಮಂಟಪದ ವಾರಸುದಾರರು ನಾವು. ಮನೆಯ ಪಡಸಾಲೆಯಲ್ಲಿ ಅಷ್ಟು ಜಾಗ ಮಕ್ಕಳಿಗೂ ಇರಲಿ.