ಊರಿನ ಹೆಸರು, ಕಂಪನಿಯ ಸ್ವತ್ತು

2010ರಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆ ಜಿಎಂಆರ್ ಸಮೂಹದಿಂದ ಚೆನ್ನೈಯ ಇಐಡಿ ಪ್ಯಾರಿ ಕೈಗೆ ಹೋಯಿತು. ಒಡೆಯ ಬದಲಾದರೂ ಕಬ್ಬು ನುರಿಸುವುದು ಹಳಿಯಾಳದಲ್ಲೇ. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಕೊಂಡವರು ಯಾರೇ ಇರಲಿ, ಕಾರ್ಖಾನೆ ಗದ್ದೆಯ ಹತ್ತಿರ ಇರಲೇಬೇಕು. ಕಾಗದದ ಗಿರಣಿಯೂ ಹಾಗೆಯೇ. ರಾಜಮಂಡ್ರಿಯ ಆಂಧ್ರಪ್ರದೇಶ ಪೇಪರ್ ಮಿಲ್ಸನ್ನು 2011ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಪೇಪರ್ ಕೊಂಡಿತು. 2019ರಲ್ಲಿ ಅದರ ಒಡೆತನ ನಮ್ಮ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸಿಗೆ ಬಂತು. ವಿದೇಶಿಯರು ಬಂದರು, ಹೋದರು. ಗಿರಣಿ ಇದ್ದಲ್ಲೇ ಇದೆ.

ಆದರೆ ಕಂಪನಿಗಳು ಕೊಳ್ಳುವುದು ಬರೀ ಹೆಸರನ್ನಾದರೆ ಕಥೆ ಬೇರೆ. 1993ರಲ್ಲಿ ಕೋಕಾ ಕೋಲಾ ಕಂಪನಿ ಪಾರ್ಲೆಯಿಂದ ಥಮ್ಸ್ ಅಪ್, ಗೋಲ್ಡ್ ಸ್ಪಾಟ್ ಎರಡನ್ನೂ ಕೊಂಡಿತು. ಥಮ್ಸ್ ಅಪ್ ಉಳಿಯಿತು. ಕಂಪನಿಯ ಸ್ವಂತ ಫ್ಯಾಂಟಾಕ್ಕೆ ಎದುರಾಳಿಯಾಗಿದ್ದ ಗೋಲ್ಡ್ ಸ್ಪಾಟ್ ಅಂಗಡಿಗಳಿಂದ ಮರೆಯಾಯಿತು. ಚೀನಾದಲ್ಲೂ ಹೀಗೇ ಆಯಿತು. 2003ರಲ್ಲಿ ಫ್ರಾನ್ಸಿನ ಲೋರಿಯಾಲ್ ಅಲ್ಲಿನ ಚರ್ಮದ ಆರೈಕೆಯ ಜನಪ್ರಿಯ ಹೆಸರು ಮಿನಿನರ್ಸ್ ಅನ್ನು ಕೊಂಡ ಮೇಲೆ, ಅದರ ಮಾರಾಟದ ಜಾಲದಲ್ಲಿ ಲೋರಿಯಾಲ್‌ನ ಸ್ವಂತ ಗಾರ್ನಿಯೆ ಬೆಳೆಯಿತು, ಮಿನಿನರ್ಸ್ ಸೊರಗಿತು. ಬೆಂಗಳೂರಿನ ಎಂಟಿಆರ್ ಫುಡ್ಸನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡರೂ ಹೆಸರು ಬೆಳೆದೇ ಇದೆಯಲ್ಲ ಎಂದು ಕೇಳಬಹುದು. ನಿಜ, ಓರ್ಕ್ಲಾಗೆ ಇಲ್ಲಿ ಅದೇ ಬಗೆಯ ಸ್ವಂತ ಸರಕು ಇರಲಿಲ್ಲ. ಕೊಂಡವರ ಲಾಭ ಆ ಹೆಸರಿಗೆ ಕಟ್ಟುಬಿದ್ದಿರುವವರೆಗೆ ಮಾತ್ರ ಅದಕ್ಕೆ ಆಯುಷ್ಯ. ಹಾಗಾದರೆ ಮಾರಾಟವನ್ನೇ ತಡೆಯೋಣವೇ? ಚೀನಾ 2009ರಲ್ಲಿ ಹುಯಿಯುವಾನ್ ಹಣ್ಣಿನ ರಸದ ಕಂಪನಿಯನ್ನು ಕೋಕಾ ಕೋಲಾ ಕೊಳ್ಳದಂತೆ ತಡೆಯಿತು. ಆ ಕಂಪನಿ ಮುಂದೆ ಸಾಲದಲ್ಲಿ ಮುಳುಗಿ 2021ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಯ ಪಟ್ಟಿಯಿಂದ ಹೊರಬಿತ್ತು. ತಡೆಯೊಂದೇ ಯಾವ ಹೆಸರನ್ನೂ ಉಳಿಸದು.

ನಮ್ಮ ಕಾನೂನಿನಲ್ಲಿ ಇದಕ್ಕಿಂತ ಗಟ್ಟಿಯಾದ ದಾರಿಯೊಂದಿದೆ. ಸರಕಿನ ಹೆಸರನ್ನು ಅದು ಹುಟ್ಟುವ ಊರಿಗೆ ಕಟ್ಟುವ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಪ್ರಕಾರ ನೋಂದಾಯಿತ ಸೂಚಕವನ್ನು ಮಾರಲಾಗದು, ಒತ್ತೆ ಇಡಲಾಗದು, ಬೇರೆಯವರಿಗೆ ವರ್ಗಾಯಿಸಲೂ ಆಗದು. ನಮ್ಮ ಜಿಲ್ಲೆಯ ಶಿರಸಿ ಅಡಿಕೆಗೆ 2019ರಲ್ಲಿ ಈ ಮಾನ್ಯತೆ ಸಿಕ್ಕಿದೆ. ಯಾವ ಕಂಪನಿ ಬೇಕಾದರೂ ಆ ಅಡಿಕೆಯನ್ನು ಕೊಳ್ಳಲಿ, ಶಿರಸಿ ಎಂಬ ಹೆಸರು ಮಾತ್ರ ಬೆಳೆಗಾರರದ್ದೇ. ಸೂಚಕ ಸಿಕ್ಕಿದ ಮಾತ್ರಕ್ಕೆ ದರ ಏರುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ದರಕ್ಕೆ ಒಳ್ಳೆಯ ಸಹಕಾರಿ ಸಂಘ, ಗುಣಮಟ್ಟ, ಮಾರುಕಟ್ಟೆ ಬೇಕು. ಆದರೆ ಅದನ್ನೆಲ್ಲ ಕಟ್ಟಿದ ಮೇಲೆ ಹೆಸರು ಕೈತಪ್ಪದಿರಲು ಸೂಚಕ ಬೇಕು. ಜೋಯಿಡಾದ ಕುಣಬಿ ಸಮುದಾಯದವರು ಬಗೆಬಗೆಯ ಗಡ್ಡೆ-ಗೆಣಸುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ, ಅವುಗಳ ಮೇಳವೂ ಅಲ್ಲಿ ನಡೆಯುತ್ತದೆ. ನಾಳೆ ಅವುಗಳ ಚಿಪ್ಸೋ ಹಿಟ್ಟೋ ಪೇಟೆಗೆ ಬಂದು ಹೆಸರು ಮಾಡಿದರೆ, ಆ ಹೆಸರು ಯಾರೋ ಒಬ್ಬ ವ್ಯಾಪಾರಿಯ ಟ್ರೇಡ್‌ಮಾರ್ಕ್ ಆಗಬಾರದು. ತಳಿಗಳ ವಿವರ, ಬೆಳೆಯುವ ಹಳ್ಳಿಗಳ ಗಡಿ, ಬೆಳೆಯ ಹಿನ್ನೆಲೆ, ಇಷ್ಟರ ದಾಖಲೆಯೊಂದಿಗೆ ಬೆಳೆಗಾರರ ಸಂಘ ಚೆನ್ನೈಯ ನೋಂದಣಿ ಕಚೇರಿಗೆ ಅರ್ಜಿ ಹಾಕಬಹುದು. ತೋಟಗಾರಿಕೆ ಇಲಾಖೆ ಈ ದಾಖಲೆ ಕೆಲಸಕ್ಕೆ ಕೈಜೋಡಿಸಬೇಕು, ಅದೂ ಕೊಳ್ಳುವವರು ಜೋಯಿಡಾಕ್ಕೆ ಬರುವ ಮೊದಲೇ.